ಪುಕ್ಕಟೆ ಸಿಕ್ಕ ಪುಲ್ಲಿ

ಠಾಣೆ ಪಟ್ಟಣದ ಪಕ್ಕದ ಕಳವಾ ಎಂಬ ಊರಿನ ಆ ಹಿಟ್ಟಿನ ಗಿರಣಿಯೊಳಗೆ ಬೆಳಗಿನ ಬಿಸಿಲಿಗೂ ಒಂದು ಮೈ ಇದೆ ಅನ್ನಿಸುತ್ತಿತ್ತು. ಹಿಟ್ಟಿನ ಧೂಳು ಏರದೆ, ಇಳಿಯದೆ ಅದರಲ್ಲಿ ತೇಲುತ್ತಿರುತ್ತಿತ್ತು. ಡೊಂಬಿವಲಿಯಿಂದ ಠಾಣೆಗೆ ರೈಲಿನಲ್ಲಿ ಹೊರಟ ನಾನು ನಡುವೆ ಇಳಿದು, ಜೋಳ ಬೀಸುವ ಸದ್ದು ಕೇಳುತ್ತ ಅಲ್ಲಿ ಕೂತದ್ದುಂಟು.

ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹಮಾಲಿ ಮಾಡಿ, ಆಮೇಲೆ ಪಂಪು-ಮೋಟಾರು ಮಾರಲು ಕಲಿತವನು ನಾನು. ಮೋಟಾರಿನ ಕಾಯಿಲೆ ಕಿವಿಗೇ ತಿಳಿಯುತ್ತದೆ. ಅಲ್ಲಿಯದು ಎಷ್ಟು ಸಲ ಸುಟ್ಟು ಹೊಸ ತಂತಿ ಸುತ್ತಿಸಿಕೊಂಡಿತ್ತೋ, ನರಳುತ್ತಿತ್ತು. ಮುಟ್ಟಿದರೆ ಕಾದ ಹಂಚು.

ಗಿರಣಿ ನಡೆಸುತ್ತಿದ್ದ ಅಕ್ಕ ವಿಜಯಪುರದ ಕಡೆಯವರು. ಗಂಡ ತೀರಿದ ಮೇಲೆ ಆ ಗಿರಣಿಯೇ ಅವರ ಅನ್ನ.

“ಅಕ್ಕಾರ, ಜ್ವಾಳ ಬೀಸಬೇಕಾದ ಕರೆಂಟು ಬರೇ ಇದರ ಮೈ ಕಾಸಾಕ ಹೊಂಟೈತಿ. ಇದನ್ನ ತಗದ ಒಗೀರಿ,” ಅಂದೆ.

“ಮಾರೋರು ನೀವು. ಮತ್ತೇನಂತೀರಿ?”

“ಇದರಾಗ ನಾ ಏನೂ ಗಳಸೂದಿಲ್ರೀ. ಉಲ್ಹಾಸನಗರಕ್ಕ ಹೋಗಿ ಚೌಕಾಶಿ ಮಾಡಿ ತರ್ತೀನಿ.”

ನಿಜವಾಗಿಯೂ ಗಳಿಕೆಯ ಆಸೆ ಇರಲಿಲ್ಲ. ಆಗ ನನಗೊಂದು ಕನಸಿನ ಹುಚ್ಚು. ಕಳವಾ ಬಿಟ್ಟ ಲೋಕಲ್ ರೈಲು ಖಾಡಿ ಎನ್ನುವ ಸಮುದ್ರದ ಹಿನ್ನೀರಿನ ಸೇತುವೆ ಏರಿದೊಡನೆ, ಆಚೆ ದಂಡೆಯ ಗೋಡೆಗಳ ಹಿಂದೆ ತಿರುಗುವ ಮೋಟಾರುಗಳೆಲ್ಲ ಕಣ್ಣಿಗೆ ಕಟ್ಟುತ್ತಿದ್ದವು: ನೀರು ಏರಿಸುವವು, ಲಿಫ್ಟು ಎಳೆಯುವವು, ಹಿಟ್ಟು ಬೀಸುವವು. ಅವೆಲ್ಲ ಹಗುರಾಗಿ ತಿರುಗಿದರೆ, ಎಲ್ಲೋ ದೂರದಲ್ಲಿ ಕಲ್ಲಿದ್ದಲಿನ ಕರೆಂಟು ಕಾರ್ಖಾನೆಯ ಚಿಮಣಿಯೊಂದು ಹೊಗೆ ನಿಲ್ಲಿಸಿ ಮೆಲ್ಲಗೆ ನಿದ್ದೆಹೋಗುವುದು ಕಾಣುತ್ತಿತ್ತು.

ಕಡಿಮೆ ಕರೆಂಟು ತಿನ್ನುವ ಹೊಸ ಮೋಟಾರು ಉಲ್ಹಾಸನಗರದಲ್ಲಿ ಸಿಕ್ಕಿತು. ಅಂಗಡಿಯವನು ಬೆಲೆ ಇಳಿಸಲಿಲ್ಲ. ನಾನೂ ಏಳಲಿಲ್ಲ. ಕೊನೆಗೆ ಅದಕ್ಕೆ ಹಾಕುವ ಪುಲ್ಲಿಯನ್ನು, ಮೋಟಾರಿನಿಂದ ಬೀಸುಕಲ್ಲಿಗೆ ಹೋಗುವ ಪಟ್ಟಾ ಸುತ್ತುವ ಆ ಕಬ್ಬಿಣದ ಗಾಲಿಯನ್ನು, ಪುಕ್ಕಟೆ ಕಿತ್ತುಕೊಂಡೆ. “ಅಬ್ ಮೇರಾ ಶರ್ಟ್ ಭೀ ಲೇಕೆ ಜಾವೋ, ಸೇಠ್!” ಎಂದು ಅವನು ಮೈಮೇಲಿನ ಅಂಗಿಯನ್ನೂ ಬಿಚ್ಚಿಕೊಡುವವನಂತೆ ಅದರ ಗುಂಡಿಗೆ ಕೈ ಹಾಕಿ ನಗಿಸಿದ. ಪುಲ್ಲಿಯನ್ನು ತೊಡೆಯ ಮೇಲಿಟ್ಟುಕೊಂಡೇ ರೈಲಿನಲ್ಲಿ ಬಂದೆ.

ಹೊಸ ಮೋಟಾರು ಶುರುವಾದಾಗ ನರಳಾಟವೇ ಇಲ್ಲ. ಅಕ್ಕ ಅದರ ಮೈ ಮುಟ್ಟಿ ನೋಡಿದರು. “ಯವ್ವಾ, ತಣ್ಣಗೈತಿ! ಜೀವ ಐತೋ ಇಲ್ಲೋ?” ಜೋಳದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರೆಲ್ಲ ನಕ್ಕರು.

ವಾರದೊಳಗೆ ನಗು ಹೋಯಿತು. ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗಲೇ, ಕಟ್ಟಡದ ಕೆಲಸಕ್ಕೆ ಹೋಗುವ ಕಲಬುರಗಿಯ ಹೆಂಗಸೊಬ್ಬಳು ಸೆರಗಿನಿಂದ ರೊಟ್ಟಿಯ ಚೂರುಗಳನ್ನು ತೆಗೆದಿಟ್ಟಳು.

“ಅಕ್ಕಾ, ಏನ್ ಬೀಸೀರಿ ಇದು? ಬಡ್ಯಾಕ ಹೋದ್ರ ಸೀಳ್ತದ. ರೊಟ್ಟಿ ಮಾಡಂದ್ರ ನಕಾಶಿ ಮಾಡೀಯೇನು ಅಂತಾನ ನನ್ನ ಗಂಡ. ನಾಳಿಂದ ನಾವೆಲ್ಲಾ ಠಾಣೆದಾಗ ಬೀಸಸ್ತೀವಿ ನೋಡ್ರಿ.”

ಅವಳು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದರು. “ಜ್ವಾಳದವರು ಹ್ವಾದ್ರ ಗಿರಣಿಗೆ ಬೀಗ ಹಾಕೂದ ರೀ. ನನ್ನ ಹಳೇ ಮೋಟಾರು ಹಚ್ಚಿ ಕೊಡ್ರಿ.”

ಉದುರುವ ಹಿಟ್ಟಿಗೆ ಕೈ ಒಡ್ಡಿದೆ. ಮೋಟಾರು ತಣ್ಣಗಿದೆ, ಹಿಟ್ಟು ಸುಡುತ್ತಿದೆ! ಕಣ್ಣು ಮುಚ್ಚಿ ಕೂತೆ. ಕಲ್ಲಿನ ದನಿ ಮೊದಲಿಗಿಂತ ಸಣ್ಣಗೆ, ಅವಸರದಲ್ಲಿ ಕೇಳಿಸಿತು. ಕಣ್ಣು ಬಿಟ್ಟಾಗ, ಬಾಗಿಲು ಮುಚ್ಚದಂತೆ ಒತ್ತಾಗಿ ಇಟ್ಟ ಹಳೆಯ ಪುಲ್ಲಿ ಕಂಡಿತು. ನಾನು ಪುಕ್ಕಟೆ ತಂದದ್ದು ಅದಕ್ಕಿಂತ ಎರಡು ಬೆರಳು ಅಗಲ. ಮೋಟಾರಿನ ಪುಲ್ಲಿ ದೊಡ್ಡದಾದರೆ ಕಲ್ಲು ಜೋರಾಗಿ ತಿರುಗುತ್ತದೆ, ಹಿಟ್ಟು ಕಾಯುತ್ತದೆ, ಜೋಳದ ಜಿಗಿ ಸಾಯುತ್ತದೆ, ರೊಟ್ಟಿ ಸೀಳುತ್ತದೆ. ಹೊಸ ಮೋಟಾರು ಉಳಿಸಿದ ಕರೆಂಟನ್ನೂ ಆ ವೇಗವೇ ತಿನ್ನುತ್ತಿತ್ತು.

“ತಪ್ಪು ಮೋಟಾರಿಂದಲ್ರೀ ಅಕ್ಕಾರ. ನಂದು,” ಎಂದು ಎಲ್ಲ ಹೇಳಿದೆ.

“ಪುಕ್ಕಟೆ ಅಂದ್ರ ಕಲ್ಲೂ ನುಂಗ್ತೀರಿ ನೀವು!”

ಹಳೆಯ ಪುಲ್ಲಿಯ ತೂತನ್ನು ಲೇತ್ ಯಂತ್ರದವನಿಂದ ಅಳತೆಗೆ ಕೊರೆಸಿ, ಮರುದಿನವೇ ಹೊಸ ಮೋಟಾರಿಗೆ ಕೂರಿಸಿದೆ. ನೀವೂ ಮೋಟಾರು ಬದಲಿಸುವುದಾದರೆ ನನ್ನ ಮಾತು ಕೇಳಿ: ಹಳೆಯದು ಎಷ್ಟು ವೇಗದಲ್ಲಿ ತಿರುಗಿಸುತ್ತಿತ್ತು ಎಂದು ಮೊದಲು ನೋಡಿಕೊಳ್ಳಿ. ಚೌಕಾಶಿ ಆಮೇಲೆ.

ಕಲ್ಲು ಹಳೆಯ ನಿಧಾನಕ್ಕೆ ಮರಳಿತು. ಅಕ್ಕ ಆ ಹಿಟ್ಟನ್ನು ಹಿಂದಿನ ಕೋಣೆಯಲ್ಲೇ ನಾದಿ, ರೊಟ್ಟಿ ಬಡಿದು, ಕಲಬುರಗಿಯವಳಿಗೆ ಹೇಳಿಕಳಿಸಿದರು. ಅವಳು ಬಂದಳು. ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲ ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ಬಿರುಕು ಹುಡುಕಿದಳು. ಎಲ್ಲಿಂದಲೂ ಬೆಳಕು ತೂರಲಿಲ್ಲ. ಅವಳ ಮುಖದ ಮೇಲೆ ದುಂಡನೆಯ ನೆರಳು ಬಿದ್ದಿತ್ತು.

ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ತನ್ನ ಜೋಳದ ಡಬ್ಬಿಯನ್ನು ಸಾಲಿನಲ್ಲಿಟ್ಟಳು.