ಮೆಟ್ಟಿಲ ಕೆಳಗಿನ ಕೋಟಾ ಅಕ್ಕ

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯೊಂದರ ಹೆಂಗಸರು ದಪ್ಪ ಕೈಗವಸು ಕೇಳಿದರು. ಅದಕ್ಕೆ ಉತ್ತರವಾಗಿ, ಅವರ ಹಾಸ್ಟೆಲಿನ ಇಂಟರ್‌ನೆಟ್ ಮಿತಿಯನ್ನು ಇನ್ನು ದಿನಕ್ಕೊಮ್ಮೆ ಅಲ್ಲ, ತಿಂಗಳಿಗೊಮ್ಮೆ ತುಂಬಬೇಕೆಂದು ಆಡಳಿತ ಆದೇಶ ಹೊರಡಿಸಿತು. ಮಿತಿಯ ಅಳತೆ ಮೊದಲಿನಷ್ಟೇ: ಒಂದು ದಿನದ ಪಾಲು ಇಡೀ ತಿಂಗಳಿಗೆ.

ಆ ಆದೇಶವನ್ನು ಜಾರಿ ಮಾಡಬೇಕಾದವಳು ಹಾಸ್ಟೆಲಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕುಳಿತಿದ್ದಾಳೆ. ಹೊರಗೆ ಈಗಷ್ಟೇ ಬೆಳಕು ಬಿಡುತ್ತಿದೆ. ಪೊರಕೆ, ಫಿನಾಯಿಲ್ ಡಬ್ಬ, ಕಾಲು ಮುರಿದ ಕುರ್ಚಿಗಳ ನಡುವೆ ಗುಂಯ್‌ಗುಡುವ ಕಪ್ಪು ಪೆಟ್ಟಿಗೆಯೇ ಸರ್ವರ್. ವೈ-ಫೈಗೆ ಬರುವ ಪ್ರತಿಯೊಬ್ಬಳ ಹೆಸರು, ಪಾಸ್‌ವರ್ಡ್ ನೋಡಿ ಒಳಗೆ ಬಿಡುವುದು, ಎಷ್ಟು ಬಳಸಿದಳೆಂದು ಅಳೆಯುವುದು, ಮಿತಿ ಮುಗಿದೊಡನೆ ಆಚೆಗೆ ಹಾಕುವುದು, ಹೊತ್ತಿಗೆ ಸರಿಯಾಗಿ ಲೆಕ್ಕವನ್ನು ಸೊನ್ನೆಗೆ ತಂದು ಮತ್ತೆ ಬಾಗಿಲು ತೆರೆಯುವುದು ಅದರ ಕೆಲಸ. ಅದಕ್ಕೆ ಇದನ್ನೆಲ್ಲ ಹೇಳಿಡುವುದು ಇವಳ ಕೆಲಸ. ಹಾಸ್ಟೆಲಿನವರ ಬಾಯಲ್ಲಿ ಮಿತಿ ಎಂದರೆ ಕೋಟಾ, ಇವಳು ಕೋಟಾ ಅಕ್ಕ.

"ಗೋಡೆಯೆಲ್ಲ ತಗಡು ನೋಡಿ, ಮೊಬೈಲ್ ಸಿಗ್ನಲ್ ಒಳಗೇ ಬರಲ್ಲ. ಇಲ್ಲಿರೋರಿಗೆ ಇದೊಂದೇ ಕಿಟಕಿ," ಎನ್ನುತ್ತಾಳೆ.

ಅಕ್ಕ ಮೊದಲು ಲಾಂಡ್ರಿಯ ಇಸ್ತ್ರಿ ರೋಲರಿನಲ್ಲಿ ಕೆಲಸಕ್ಕಿದ್ದವಳು. ರೋಲರ್ ಅವಳ ಎಡಗೈ ಬೆರಳುಗಳನ್ನು ಎಳೆದುಕೊಂಡಿತು. ಬೆರಳು ತಿಂದ ಕಂಪನಿ ಆಮೇಲೆ ಧಾರಾಳವಾಗಿ "ಹಗುರ ಕೆಲಸ" ಕೊಟ್ಟಿತು. ಸರ್ವರ್ ಕೂರಿಸಿದ ಗುತ್ತಿಗೆದಾರ ಒಂದು ಮಧ್ಯಾಹ್ನ ತೋರಿಸಿಕೊಟ್ಟು ಹೋದವನು ಮತ್ತೆ ಫೋನ್ ಎತ್ತಲಿಲ್ಲ. ಉಳಿದದ್ದೆಲ್ಲ ತಪ್ಪು ಮಾಡಿ ಮಾಡಿ ಕಲಿತದ್ದು. "ಒಂದ್ಸಲ ಎಲ್ಲರ ಮಿತೀನೂ ಸೊನ್ನೆ ಮಾಡಿಬಿಟ್ಟೆ, ಯಾರಿಗೂ ನೆಟ್ ಇಲ್ಲ. ಇಡೀ ಹಾಸ್ಟೆಲ್ ನನ್ನ ಬಾಗಿಲಿಗೇ ಬಂತು. ಎಲ್ಲರ ಪರಿಚಯ ಆಗಿದ್ದೇ ಅವತ್ತು."

ಗುತ್ತಿಗೆದಾರ ಲೆಕ್ಕವನ್ನು ಮಧ್ಯರಾತ್ರಿಗೆ ಸೊನ್ನೆಯಾಗುವಂತೆ ಇಟ್ಟಿದ್ದ. ಆಗ ರಾತ್ರಿ ಪಾಳಿಯವರು ಯಂತ್ರದ ಮುಂದೆ, ಅವರ ಫೋನುಗಳು ಹಾಸ್ಟೆಲಿನ ಲಾಕರಿನಲ್ಲಿ. ಫೋನುಗಳು ತಮ್ಮಷ್ಟಕ್ಕೆ ತಾವೇ ಅಪ್‌ಡೇಟ್ ಆಗುತ್ತ ಹೊಸ ಮಿತಿಯನ್ನು ಬೆಳಗಾಗುವುದರೊಳಗೆ ನುಂಗಿಬಿಡುತ್ತಿದ್ದವು. ಅಕ್ಕ ಆ ಸಮಯವನ್ನು ಪಾಳಿ ಬಿಡುವ ಹೊತ್ತಿಗೆ ತಂದಿಟ್ಟಳು. ಯಾರೂ ಹೇಳಿರಲಿಲ್ಲ, ಯಾರೂ ಬೆನ್ನು ತಟ್ಟಲೂ ಇಲ್ಲ.

ಪಾಳಿ ಬಿಡುತ್ತದೆ. ಬೆಡ್‌ಶೀಟ್ ಮಡಿಸುವ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಕುಳಿತು ಬಕೆಟ್ಟಿಗೆ ಫೋನ್ ಆನಿಸಿಡುತ್ತಾಳೆ. ಪರದೆಯಲ್ಲಿ ಅಜ್ಜಿಯ ಮನೆಯಲ್ಲಿರುವ ಅವಳ ಮಗ. ಅವನಿಗೆ ಕಿವಿ ಕೇಳಿಸದು. ಇಬ್ಬರ ಮಾತೂ ಕೈಯಲ್ಲೇ. ಹೊಲಸು ಬಟ್ಟೆಯೊಳಗಿದ್ದ ಸೂಜಿ ಚುಚ್ಚಿ ಅವಳ ಬೆರಳಿಗೆ ಬ್ಯಾಂಡೇಜು. ಏನದು ಎಂದು ಮಗನ ಕೈ ಕೇಳುತ್ತದೆ. ಏನಿಲ್ಲ ಎಂದು ಇವಳ ಕೈ ಸುಳ್ಳಾಡುತ್ತದೆ.

"ತಿಂಗಳಿಗೊಂದು ಮಿತಿ ಅಂದ್ರೆ ಮೊದಲನೇ ವಾರ ದಾಟಲ್ಲ. ಆಮೇಲೆ ಅವನಿಗೆ ಅಮ್ಮನೇ ಇಲ್ಲ," ಎನ್ನುತ್ತಾಳೆ. ಇದನ್ನು ಆಡಳಿತಕ್ಕೆ ಹೇಳಿದ್ದಾಳೆ. ವಿಡಿಯೊ ಯಾಕೆ, ಆಡಿಯೊ ಕಾಲ್ ಮಾಡಲಿ ಎಂಬ ಉತ್ತರ ಬಂದಿದೆ. ಕಿವುಡು ಮಗುವಿಗೆ ಆಡಿಯೊ ಕಾಲ್. ಈ ಬುದ್ಧಿಗೆ ಎ.ಸಿ. ಕೋಣೆ ಬೇರೆ.

ಮೊದಲು ಕೈ ಚುಚ್ಚಿಸಿದರು. ಈಗ ಆ ಕೈ ಮಗನೊಂದಿಗೆ ಮಾತಾಡುವುದನ್ನೂ ನಿಲ್ಲಿಸಹೊರಟಿದ್ದಾರೆ. ಇದಕ್ಕೆ ಆದೇಶದಲ್ಲಿ ಇಟ್ಟಿರುವ ಹೆಸರು ಸಂಪನ್ಮೂಲಗಳ ಶಿಸ್ತುಬದ್ಧ ಬಳಕೆ.

"ತಿಂಗಳಿಗೊಮ್ಮೆ ತುಂಬೋ ಸೌಲಭ್ಯ ಇದರಲ್ಲಿ ಇಲ್ಲ ಅಂದ್ಬಿಡಕ್ಕ, ಅವರಿಗೇನು ತಿಳಿಯುತ್ತೆ," ಎಂದು ಮಡಿಸುವವಳು ಉಪಾಯ ಹೇಳಿಕೊಡುತ್ತಾಳೆ. ಅಕ್ಕ ನಗುತ್ತಾಳೆ.

ಅಷ್ಟರಲ್ಲಿ ಹಾಸ್ಟೆಲ್ ಮ್ಯಾನೇಜರ್ ಬರುತ್ತಾನೆ. ಅಂಗಿಯಲ್ಲಿ ಒಂದು ಸುಕ್ಕಿಲ್ಲ. ಹೆಂಗಸರು ಬೆನ್ನ ಹಿಂದೆ ಅವನನ್ನು ಇಸ್ತ್ರಿ ಸಾಹೇಬ ಎನ್ನುತ್ತಾರೆ.

"ಇನ್ನೂ ಬದಲಾಯಿಸಿಲ್ವಾ? ಒಂದು ಕ್ಲಿಕ್ ಕೆಲಸ ಅಲ್ವೇನಮ್ಮ."

"ಹೌದು ಸಾರ್, ಒಂದೇ ಕ್ಲಿಕ್."

"ಮತ್ತೆ? ಈ ಕುರ್ಚಿ ಬೇಡ ಅನ್ನಿಸ್ತಿದೆಯಾ?"

ಅಕ್ಕ ಮೌಸನ್ನು ಬದಿಗೆ ಸರಿಸುತ್ತಾಳೆ. ಮ್ಯಾನೇಜರ್ ದನಿ ತಗ್ಗಿಸಿ, "ಸರ್ವರ್ ಏನಾದ್ರೂ ಕೈ ಕೊಟ್ಟಿದೆಯಾ? ಹಾಗಿದ್ರೆ ಹೇಳು, ಮೇಲಿನವರಿಗೆ ಹಾಗೇ ಬರೀತೀನಿ," ಎನ್ನುತ್ತಾನೆ.

"ಸರ್ವರ್‌ಗೆ ಏನೂ ಆಗಿಲ್ಲ ಸಾರ್. ಅದು ಹೇಳಿದ್ದೆಲ್ಲ ಮಾಡುತ್ತೆ. ನಾನು ಮಾಡಲ್ಲ."