ನಲ್ಲಿಯ ಸಾಲಿನಲ್ಲಿ ಗೈಡ್ ಸಾಹೇಬರು

ಜೋಗುಪಾಳ್ಯದ ಆ ಮಹಡಿ ಕೋಣೆಯಲ್ಲಿ ಈಗ ಮಕ್ಕಳಿಗೆ ಟ್ಯೂಷನ್ ನಡೆಯುತ್ತದೆ. ಕೆಳಗಿನ ಇಸ್ತ್ರಿ ಅಂಗಡಿ ಮಾತ್ರ ಹಾಗೇ ಇದೆ. ಹಲಸೂರು ಮಾರ್ಕೆಟ್ಟಿಗೆ ಹೋದಾಗಲೆಲ್ಲ ಬೇಕೆಂದೇ ಆ ದಾರಿ ಹಿಡಿದು, ತಲೆ ಎತ್ತಿ ನೋಡಿ, ಸುಮ್ಮನೆ ಸಂಕಟಪಡುತ್ತೇನೆ. ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಸಮಾಜ ಅಧ್ಯಯನದ ಪತ್ರಿಕೆ ಹೊರಡುತ್ತಿದ್ದದ್ದು ಅಲ್ಲಿಂದಲೇ. ಕಾಲೇಜಿನಿಂದ ನಿವೃತ್ತರಾಗಿದ್ದ ಮೇಡಂ ಸಂಪಾದಕಿ, ನಾನು ಸಹಾಯಕಿ. ಮೂರನೆಯವರಿಲ್ಲ. ಒಂದು ಹಳೇ ಕಂಪ್ಯೂಟರ್, ಕೆಳಗಿನಿಂದ ಏರಿ ಬರುವ ಬಿಸಿ ಬಟ್ಟೆಯ ವಾಸನೆ, ಸಂಜೆಯಾದರೆ ಮೇಡಂ ತರಿಸುವ ಬಜ್ಜಿ. ಅಷ್ಟು ಸುಖದ ಕೆಲಸ ನನಗೆ ಮತ್ತೆ ಸಿಗಲೇ ಇಲ್ಲ.

ಮೇಡಂಗೆ ಒಂದು ಹಟವಿತ್ತು. ತಜ್ಞರು ಓದಿ ಒಪ್ಪಿದ ಲೇಖನವನ್ನೂ ಅವರು ತಕ್ಷಣ ಅಚ್ಚಿಗೆ ಕೊಡುತ್ತಿರಲಿಲ್ಲ. ಅದರ ಮೇಲೆ ಯಾರ್ಯಾರ ಹೆಸರಿದೆಯೋ ಅವರಿಗೆಲ್ಲ ಫೋನ್ ಮಾಡಿ, "ಸ್ಪೀಕರ್ ಹಾಕಿದೀನಿ, ನಮ್ಮ ಹುಡುಗಿನೂ ಕೇಳ್ತಿದಾಳೆ. ಇದ್ರಲ್ಲಿ ನೀವೇನು ಮಾಡಿದ್ರಿ, ಸ್ವಲ್ಪ ಹೇಳಿ" ಅನ್ನುತ್ತಿದ್ದರು. ದುಡಿಯದವರ ಹೆಸರು ಲೇಖನದ ಮೇಲೆ ಇರಕೂಡದು, ಅಷ್ಟೇ. ಅಬ್ಬಾ, ಎಂತೆಂಥ ದೊಡ್ಡ ಮನುಷ್ಯರು ಆ ಫೋನಿನಲ್ಲಿ ತಡವರಿಸಿದ್ದಾರೆ! ನಾನು ಬಾಯಿಗೆ ದುಪಟ್ಟಾ ಒತ್ತಿಕೊಂಡು ಕೂರುತ್ತಿದ್ದೆ.

ಹೀಗಿರುವಾಗ ಕಲಬುರಗಿ ಕಡೆಯ ಹುಡುಗಿಯೊಬ್ಬಳ ಲೇಖನ ಬಂತು. ಇಲ್ಲೇ ಬೆಂಗಳೂರಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕೆ.ಆರ್. ಪುರದ ಒಂದು ವಠಾರದಲ್ಲಿ, ದುಡಿಯಲು ಬಂದ ತನ್ನೂರ ಕಡೆಯ ಸಂಸಾರಗಳ ನಡುವೆಯೇ ಬಾಡಿಗೆಗಿದ್ದು, ಹೆಂಗಸರು ನಲ್ಲಿಯ ಮುಂದೆ ಹೇಗೆ ಸರದಿ ಹಂಚಿಕೊಳ್ಳುತ್ತಾರೆ, ಆ ಸಾಲಿನಲ್ಲಿ ಏನೇನು ಮಾತಾಡುತ್ತಾರೆ ಎಂದು ಬರೆದಿದ್ದಳು. ಓದುತ್ತ ಓದುತ್ತ ನಾನು ಊಟ ಮರೆತಿದ್ದೆ. ಮೇಲೆ ಮೊದಲ ಹೆಸರು ಅವಳ ಗೈಡ್ ಸಾಹೇಬರದು. ಆಮೇಲೆ ಅವಳದು.

ಮೇಡಂ ಫೋನ್ ಮಾಡಿದರೆ ಸಾಹೇಬರು, "ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟರು. ಮಾರನೇ ದಿನ ಹುಡುಗಿಯೇ ಓಡಿಬಂದಳು.

"ಸರ್ ಹೆಸರು ತಗೀಬ್ಯಾಡ್ರಿ ಮೇಡಂ. ತಗದ್ರ ಅವ್ರು ಥೀಸಿಸ್‌ಗೆ ಸಹಿ ಹಾಕಂಗಿಲ್ಲ. ನಾ ಇಷ್ಟು ವರ್ಷ ಮಾಡಿದ್ದೆಲ್ಲ ನೀರಾಗ ಹೋಮ ಮಾಡ್ದಂಗ ಆಗ್ತದ."

ನನಗೆ ತಡೆಯಲಾಗಲಿಲ್ಲ. "ಬಿಡಿ ಮೇಡಂ, ಎಲ್ಲಾ ಕಡೆ ನಡಿಯೋದೇ. ಒಂದ್ಸಲ ಕಣ್ಮುಚ್ಕೊಂಡ್ಬಿಡಿ," ಅಂದೆ.

"ಕಣ್ಮುಚ್ಕೊಳ್ಳೋದಾಗಿದ್ರೆ ಇಲ್ಲಿಗ್ಯಾಕೆ ಬರ್ಬೇಕಿತ್ತು, ಮನೇಲೇ ಮಲಗಿರ್ತಿದ್ದೆ," ಅಂದರು ಮೇಡಂ. ಹುಡುಗಿಯ ಕಡೆ ತಿರುಗಿ, "ಅವರೇನು ಮಾಡಿದಾರೆ ಅಂತ ಅವರೇ ಹೇಳ್ಲಿ ತಾಯಿ. ಹೇಳಿದ್ರೆ ಹೆಸರಿರತ್ತೆ," ಅಂದರು.

ಹುಡುಗಿ ಮೆಟ್ಟಿಲಿಳಿದು ಹೋದಳು. ಹೋಗಿ ಏನು ಮಾಡಿದಳು ಗೊತ್ತೇ? ಸಾಹೇಬರ ಮುಂದೆ ಕೂತು, ಮಗುವಿಗೆ ಮಗ್ಗಿ ಕಲಿಸುವ ಹಾಗೆ, ತನ್ನ ಲೇಖನವನ್ನು ಬಾಯಿಪಾಠ ಮಾಡಿಸಿದಳಂತೆ.

ಅದೇ ವಾರ ಸಾಹೇಬರೇ ಫೋನ್ ಮಾಡಿದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ನಾನೇ ಆ ವಠಾರದಲ್ಲಿ ಇದ್ದೆ ಮೇಡಂ. ಬೆಳಿಗ್ಗೆ ಬಿಂದಿಗೆ ಹಿಡ್ಕೊಂಡು ಹೆಂಗಸರ ಜೊತೆ ಸಾಲಲ್ಲಿ ನಿಲ್ತಿದ್ದೆ. ಗಂಡಂದಿರ ಹತ್ರ ಹೇಳ್ಕೊಳ್ಳದ್ದನ್ನೆಲ್ಲ ನನ್ನ ಹತ್ರ ಹೇಳ್ಕೊಂಡ್ರು. ಒಬ್ಬಳು ಬಾಣಂತಿ ನನ್ನ ಮಡಿಲಲ್ಲಿ ತಲೆ ಇಟ್ಟು ಅತ್ತಳು..."

ಮೇಡಂ ಅವರನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. "ಅಲ್ಲ ಸರ್, ಬಿಂದಿಗೆ ಸೊಂಟಕ್ಕಿಟ್ಕೊಂಡಾಗ ಸೆರಗು ಎಲ್ಲಿ ಸಿಗಿಸ್ಕೊಳ್ತಿದ್ರಿ?" ಅಂದುಬಿಟ್ಟರು. ದುಪಟ್ಟಾ ಒತ್ತಿಕೊಂಡರೂ ನನ್ನ ನಗು ನಿಲ್ಲಲಿಲ್ಲ. ಆ ಕಡೆ ಫೋನ್ ಕಟ್ಟಾಯಿತು.

ಮರುದಿನ ಹುಡುಗಿ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಬೇರೆ ಗೈಡ್ ನೋಡಿಕೋ ಎಂದು ಸಾಹೇಬರು ಥೀಸಿಸ್ ಎತ್ತಿ ಮೇಜಿನ ಮೇಲೆ ಕುಕ್ಕಿದರಂತೆ. ಅಷ್ಟು ವರ್ಷ ಕಳೆದ ಮೇಲೆ ಬೇರೆ ಗೈಡ್ ಹುಡುಕಿ ಮೊದಲಿಂದ ಶುರು ಮಾಡುವುದೆಂದರೆ ಓದು ಮುಗಿದ ಹಾಗೆಯೇ.

ಮೇಡಂ ಮುಖ ಕಪ್ಪಿಟ್ಟಿತು. ಅವತ್ತು ಬಜ್ಜಿ ತರಿಸಲಿಲ್ಲ. "ನಿಯಮ ಸರಿಯಾಗೇ ಇತ್ತು ಕಣೇ. ಆ ಹಾಳು ಮಾತು ನನ್ನ ಬಾಯಲ್ಲಿ ಯಾಕಾದ್ರೂ ಬಂತೋ," ಅಂದರು. ಮಾರನೇ ಬೆಳಿಗ್ಗೆ ಮಂಡಿನೋವಿನಲ್ಲೇ ಬಸ್ಸಿನಲ್ಲಿ ಸಾಹೇಬರನ್ನು ನೋಡಲು ಹೊರಟು ನಿಂತರು. ನನಗೆ ರೇಗಿಹೋಯಿತು.

"ಹೋಗಿ ಅವರ ಕಾಲು ಹಿಡೀತೀರಾ?"

"ತಮಾಷೆ ಮಾಡಿದ್ದಕ್ಕೆ ಕ್ಷಮೆ ಕೇಳ್ತೀನಿ. ಹೆಸರು ಮಾತ್ರ ಹಾಕಲ್ಲ."

ಸಂಜೆಯವರೆಗೆ ನನಗೆ ಒಂದು ಸಾಲೂ ಓದಲಾಗಲಿಲ್ಲ. ಇಸ್ತ್ರಿಯವನು ದೀಪ ಹಾಕುವ ಹೊತ್ತಿಗೆ ಮೇಡಂ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಸಹಿ ಹಾಕಿಕೊಟ್ರು. ಲೇಖನದಲ್ಲೂ ಅವಳ ಹೆಸರೊಂದೇ ಇರ್ಲಿ ಅಂದ್ರು."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಯ್ಯೋ, ಏನು ಮಂತ್ರ ಹಾಕಿದ್ರಿ ಮೇಡಂ?"

"ನಾನೇನು ಹಾಕಿದೆ? ತಪ್ಪಾಯ್ತು ಅಂದೆ. ಆಮೇಲೆ ಅವರೇ ತಾವಾಗಿ ಮಾತು ಶುರು ಮಾಡಿದ್ರು. ಓದೋ ಕಾಲದಲ್ಲಿ ಶಿವಾಜಿನಗರದ ದರ್ಜಿಗಳ ಬಗ್ಗೆ ಕೆಲಸ ಮಾಡಿದ್ರಂತೆ. ಯಾವ ಗಲ್ಲಿ, ಯಾರು ಚಾ ಕೊಟ್ರು, ಗುಂಡಿಗೆ ಕಾಜಾ ಹೊಲಿಯೋ ಮುದುಕಿ ದಖನಿ ಉರ್ದುವಿನಲ್ಲಿ ಏನಂತ ಬೈದ್ಲು, ಒಂದೂ ಮರೆತಿಲ್ಲ ಕಣೇ ಆ ಮನುಷ್ಯ. ಹೇಳ್ತಾ ಹೇಳ್ತಾ ಅತ್ತೇಬಿಟ್ರು."

"ದರ್ಜಿಗಳ ಲೇಖನಾನಾ? ಅದು ನಮಗೆ ಎಂ.ಎ.ಗೆ ಪಾಠಕ್ಕಿತ್ತಲ್ಲ ಮೇಡಂ. ಬರೆದಿದ್ದು ಬೇರೆ ಯಾರೋ ಹಿರಿಯ ಪ್ರೊಫೆಸರು."

"ಅವರು ಇವರ ಗೈಡ್ ಆಗಿದ್ರು," ಅಂದರು ಮೇಡಂ. "ಇವರ ಹೆಸರು ಅದ್ರಲ್ಲಿ ಎಲ್ಲೂ ಇಲ್ಲ."