ಹದಿನೇಳರ ಘನಕ್ಕೆ ಬೆಲ್ ಬಾರಿಸಿದವನು

ಕಳೆದ ಭಾನುವಾರ ಹರಿಹರದ ಕಲ್ಯಾಣ ಮಂಟಪವೊಂದರಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಸರಿಯಾದ ಉತ್ತರ ಹೇಳಿದಳು. ನಾನು ಬೆಲ್ ಬಾರಿಸಿ ಅವಳನ್ನು ಕೂರಿಸಿದೆ.

ಹೌದು, ಜಡ್ಜ್ ನಾನೇ. (ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವತ್ತೈದು ತೆಗೆದು ಮನೆಯವರಿಂದ ಪೇಡ ಹಂಚಿಸಿದವನು. ವಾರಕ್ಕೊಮ್ಮೆ ಪೇಪರಿನಲ್ಲಿ ಹೀಗೆ ಅಂಕಣದ ಜೊತೆ ಫೋಟೋ ಬಂದರೆ ಸಾಕು, ನಮ್ಮ ಕಡೆ ಯಾವ ವಿಷಯಕ್ಕಾದರೂ ಜಡ್ಜ್ ಆಗಬಹುದು.)

ನಮ್ಮ ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕ್ ಬಡಾವಣೆಗೆ ಈಗ ಹೊಸ ಹುಚ್ಚು ಹಿಡಿದಿದೆ. ಮಕ್ಕಳು ನೂರರವರೆಗೆ ವರ್ಗ, ಮೂವತ್ತರವರೆಗೆ ಘನ ಬಾಯಿಪಾಠ ಮಾಡಬೇಕು. ಲೆಕ್ಕ ಸ್ಪೀಡಾಗುತ್ತದಂತೆ. ಮೊದಲೆಲ್ಲ ಯಾರ ಮನೆಗೆ ಹೋದರೂ ಮಂಡಕ್ಕಿ-ಮಿರ್ಚಿ ಬರುತ್ತಿತ್ತು. ಈಗ ಮೊದಲು ಮಗು ಬರುತ್ತದೆ. ಕೈಕಟ್ಟಿ ನಿಂತು ‘ಟ್ವೆಂಟಿ ಥ್ರೀ ಸ್ಕ್ವೇರ್ ಫೈವ್ ಟ್ವೆಂಟಿ ನೈನ್’ ಎನ್ನುತ್ತದೆ. ನಾವು ಚಪ್ಪಾಳೆ ತಟ್ಟಬೇಕು. ಆಮೇಲೆ ಮಿರ್ಚಿ, ಅದೂ ಆರಿದ್ದು. ಬೇರೆಯವರನ್ನು ಆಡಿಕೊಂಡು ಏನು ಬಂತು? ನನ್ನ ಮಗಳೂ ಅದೇ ಟ್ಯೂಷನ್ನಿಗೆ ಹೋಗುತ್ತಾಳೆ.

ಆ ಟ್ಯೂಷನ್ ಮೇಷ್ಟ್ರು ಹರಿಹರದಲ್ಲಿ ಬ್ರಾಂಚ್ ತೆರೆಯುವ ಮುಂಚೆ ಒಂದು ಸ್ಪರ್ಧೆ ಇಟ್ಟರು. ಗೆದ್ದವರಿಗೆ ಎಸ್ಸೆಸ್ಸೆಲ್ಸಿವರೆಗೆ ಟ್ಯೂಷನ್ ಫ್ರೀ. ನನ್ನ ಕೈಗೆ ಉತ್ತರದ ಹಾಳೆ ಕೊಟ್ಟು, “ಕಂಪ್ಯೂಟರ್ ಪ್ರಿಂಟ್ ಐತ್ರಿ ಸಾರ್, ಕಣ್ಮುಚ್ಚಿ ನಂಬ್ರಿ” ಎಂದರು. ಕಣ್ಣು ಮುಚ್ಚಿಯೇ ನಂಬಿದೆ.

ಕೊನೆಗೆ ಇಬ್ಬರು ಉಳಿದರು. ಒಬ್ಬ ಮೇಷ್ಟ್ರ ಬ್ಯಾಚಿನವನೇ, ಟೈ ಕಟ್ಟಿಕೊಂಡ ಹುಡುಗ. ಇನ್ನೊಬ್ಬಳು ಹೊಳೆ ದಂಡೆಯ ಉಕ್ಕಡಗಾತ್ರಿ ಕಡೆಯ ಸರ್ಕಾರಿ ಶಾಲೆಯ ಕರಿಬಸಮ್ಮ. ಅವಳ ಹೆಸರು ಕೂಗಿದಾಗ ಮುಂದಿನ ಸಾಲಿನ ಮಮ್ಮಿಗಳು ಮುಸಿಮುಸಿ ನಕ್ಕರು. ಪ್ರಶ್ನೆ ಮೊದಲು ಅವಳಿಗೆ, ತಪ್ಪಿದರೆ ಹುಡುಗನಿಗೆ. ಹದಿನೇಳರ ಘನ ಎಷ್ಟು?

ಅವಳಿಗೆ ಬಾಯಿಪಾಠ ಇರಲಿಲ್ಲ. ಕಣ್ಣು ಮುಚ್ಚಿ, ಅಂಗೈ ಮೇಲೆ ಬೆರಳಿನಿಂದ ಬರೆದು ಬರೆದು, ಟೈಮ್ ಮುಗಿಯಲು ಒಂದೆರಡು ಸೆಕೆಂಡ್ ಇರುವಾಗ 4913 ಎಂದಳು.

ನನ್ನ ಹಾಳೆಯಲ್ಲಿದ್ದದ್ದು 4931. ಬೆಲ್ ಬಾರಿಸಿ, ಹಾಳೆಯಲ್ಲಿದ್ದುದನ್ನು ಗಟ್ಟಿಯಾಗಿ ಓದಿದೆ. ಅವಳು ಕೂರಲಿಲ್ಲ.

“ಸಾರ್, ಏಳೇಳ್ಲಿ ನಲವತ್ತೊಂಬತ್ತು, ಒಂಬತ್ತೇಳ್ಲಿ ಅರವತ್ಮೂರು. ಕೊನಿಗೆ ಮೂರೇ ಬರಬೇಕಲ್ರಿ. ಒಂದು ಹೆಂಗೆ ಬರ್ತೈತೆ?”

ಹಾಳೆಯಲ್ಲಿ ಹೀಗೇ ಇದೆಯಮ್ಮ, ಕೂತುಕೋ ಎಂದೆ. ಹುಡುಗನನ್ನು ನಿಯಮದ ಪ್ರಕಾರ ಕೇಳಿದೆ. (ಉತ್ತರ ನಾನೇ ಓದಿಯಾಗಿತ್ತು. ನಿಯಮ ನಿಯಮವೇ!) ಅವನು ಒಂದೇ ಉಸಿರಿಗೆ ‘ಫೋರ್ ನೈನ್ ಥ್ರೀ ಒನ್’ ಎಂದ. ಚಪ್ಪಾಳೆಯೋ ಚಪ್ಪಾಳೆ. ಹಾಲ್ ತುಂಬ ಡಿಗ್ರಿ ಮಾಡಿದವರು, ಗಣಿತದ ಮೇಷ್ಟ್ರುಗಳೂ ಇದ್ದರು. ಒಬ್ಬರಾದರೂ ಗುಣಿಸಿ ನೋಡಿದರೇ?

ಹೊರಗೆ ಬಂದಾಗ ಅವಳ ಅಪ್ಪ ಟಿವಿಎಸ್ ಸ್ಟಾರ್ಟ್ ಮಾಡುತ್ತಾ ಮಗಳಿಗೆ ಬುದ್ಧಿ ಹೇಳುತ್ತಿದ್ದ. “ದೊಡ್ಡೋರು ತಪ್ಪು ಹೇಳ್ತಾರೇನವ್ವಾ? ನಿಂದೇ ಎಲ್ಲೋ ತಪ್ಪೈತೆ.” ಅವಳು ಹಿಂದಿನ ಸೀಟಿನಲ್ಲಿ ಕೂತು ಅಂಗೈ ಮೇಲೆ ಇನ್ನೂ ಬೆರಳಾಡಿಸುತ್ತಲೇ ಇದ್ದಳು.

ಮನೆಗೆ ಬಂದವನೇ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಗುಣಿಸಿದೆ. ಹದಿನೇಳು ಹದಿನೇಳಲೆ 289. ಅದನ್ನು ಮತ್ತೆ ಹದಿನೇಳರಿಂದ. ಮೂರು ಸಲ ಮಾಡಿದೆ, ಮೂರು ಸಲವೂ 4913. ನಿಜಕ್ಕೂ ನಾಚಿಕೆಯಾಯಿತು.

ಸೋಮವಾರ ಬೆಳಿಗ್ಗೆಯೇ ಮೇಷ್ಟ್ರ ಮನೆಗೆ ಹೋಗಿ, ಫ್ರೀ ಸೀಟು ಆ ಹುಡುಗಿಗೆ ಸೇರಬೇಕು, ಹಾಳೆ ತಿದ್ದಿಸಿ ಎಂದೆ. ಅವರು ಗಾಬರಿಯಾಗಲಿಲ್ಲ. ಕಾಫಿ ತರಿಸಿದರು. ಗೆದ್ದ ಹುಡುಗನ ಫೋಟೋ ಆಗಲೇ ಪಾಂಪ್ಲೆಟ್ಟಿಗೆ ಹೋಗಿದೆಯಂತೆ.

“ಎಲ್ಲಾ ಬ್ಯಾಚಿನೋರೂ ಹಿಂಗೇ ಬಾಯಿಪಾಠ ಮಾಡ್ಯಾರೆ ಸಾರ್. ಈಗ ಬದ್ಲಾಯಿಸಿದ್ರೆ ಮಕ್ಳು ಕನ್‌ಫ್ಯೂಸ್ ಆಗ್ತಾವೆ. ಈ ವರ್ಷ ಬ್ಯಾಡ ಬಿಡ್ರಿ.”

ಅಂದರೆ ಈ ವರ್ಷ ಬಿ ಬ್ಲಾಕಿನಲ್ಲಿ ಹದಿನೇಳರ ಘನ 4931. ಹೊಳೆ ದಂಡೆಯ ಊರುಗಳಲ್ಲಿ ಮಾತ್ರ 4913.

ಕರಿಬಸಮ್ಮ, ನಿನ್ನ ಉತ್ತರವೇ ಸರಿ. ಇದನ್ನು ನಿಮ್ಮಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ತಪ್ಪು ಹೇಳಿದ್ದು ದೊಡ್ಡವರೇ.

ಸೋಮವಾರ ಸಂಜೆ ನನ್ನ ಮಗಳನ್ನು ಕೂರಿಸಿಕೊಂಡು ಗುಣಿಸಿ ತೋರಿಸಿದೆ. ಅವಳಿಗೆ ಅರ್ಥವಾಯಿತು. ಪೆನ್ಸಿಲ್ ಕಚ್ಚುತ್ತಾ ಕೇಳಿದಳು:

“ಅಪ್ಪಾ, ಶನಿವಾರದ ಟ್ಯೂಷನ್ ಟೆಸ್ಟಲ್ಲಿ ಸರಿ ಇರೋದು ಬರೀಲಾ, ಮಾರ್ಕ್ಸ್ ಬರೋದು ಬರೀಲಾ?”